ಅರಮನೆಯ ಕೋಟೆಯಿಂದ ಪ್ರತಿವರ್ಷ ಮಡಿಕೇರಿಯ ಫೋಟೊ ತೆಗೆಸಿ: ಕೊಡಗು ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಮಡಿಕೇರಿಗೆ ಬಂದವರೆಲ್ಲ ಕ್ಯಾಮೆರಾ ಹಿಡಿದು ರಾಜಾಸೀಟಿಗೆ ಹೋಗುತ್ತಾರೆ. ಅಲ್ಲಿ ಸಿಗುವುದು ಊರಾಚೆಯ ಕಣಿವೆ, ಬೆಟ್ಟಸಾಲು, ಮಂಜು. ಊರನ್ನೇ ನೋಡಬೇಕೆಂದರೆ ಕೋಟೆಗೆ ಬರಬೇಕು. ಮುದ್ದುರಾಜ ಕಟ್ಟಿಸಿ, ಟಿಪ್ಪು ಮತ್ತೆ ಕಟ್ಟಿಸಿದ ಈ ಕೋಟೆಯೊಳಗೆ ಲಿಂಗರಾಜೇಂದ್ರ 1812ರಿಂದ 1814ರ ನಡುವೆ ಅರಮನೆ ಎಬ್ಬಿಸಿದ. ಅದರ ಸುತ್ತಲಿನ ಕೋಟೆಗೋಡೆಯಿಂದ ಕಣ್ಣು ಹಾಯಿಸಿದರೆ ದಿಣ್ಣೆಯಿಂದ ದಿಣ್ಣೆಗೆ ಹತ್ತಿಳಿದ ಊರು ಕಾಣುತ್ತದೆ.

ನನ್ನ ಕೋರಿಕೆ ಒಂದೇ. ಈ ಗೋಡೆಯ ಮೇಲೆ ಒಂದೆರಡು ಜಾಗ ಗುರುತಿಸಿ, ಅಲ್ಲಿಂದ ವರ್ಷಕ್ಕೆ ಎರಡು ಸಲ ಜಿಲ್ಲಾಡಳಿತವೇ ಊರಿನ ಫೋಟೊ ತೆಗೆಸಲಿ. ಮುಂಗಾರು ಹಿಡಿಯುವ ಮೊದಲು ಒಮ್ಮೆ, ಆಕಾಶ ತಿಳಿಯಾಗುವ ಹುತ್ತರಿಯ ಹೊತ್ತಿಗೆ ಇನ್ನೊಮ್ಮೆ. ಅದೇ ಜಾಗ, ಅದೇ ಎತ್ತರ, ಅದೇ ಲೆನ್ಸ್, ಬೆಳಗಿನ ಅದೇ ಗಳಿಗೆ.

2018ರ ಆಗಸ್ಟ್ ಅನ್ನು ಈ ಊರಿಗೆ ನೆನಪಿಸಬೇಕಿಲ್ಲ. ಮಕ್ಕಂದೂರು, ಜೋಡುಪಾಲದ ಕಡೆ ಬೆಟ್ಟಗಳೇ ಜಾರಿದವು. ಪಟ್ಟಣದೊಳಗೆ ಇಂದಿರಾನಗರ, ಚಾಮುಂಡೇಶ್ವರಿ ನಗರದಲ್ಲಿ ಬರೆ, ಅಂದರೆ ಇಳಿಜಾರಿನ ಕಡಿದಾದ ಮಣ್ಣಿನ ದಂಡೆ, ಕುಸಿದು ಜನ ಮನೆ ಕಳೆದುಕೊಂಡರು. ಮಳೆ ವಿಪರೀತವಿತ್ತು, ನಿಜ. ಆದರೆ ರಸ್ತೆಗೆ, ಮನೆಗೆ, ಹೋಂಸ್ಟೇಗೆ ಇಳಿಜಾರು ಕಡಿದದ್ದೂ ಕಾರಣವೆಂದು ಭೂವಿಜ್ಞಾನಿಗಳು ಹೇಳಿದರು. ಆಮೇಲೆ ನಡೆದ ಜಗಳವೆಲ್ಲ ಯಾವ ಬರೆ ಮೊದಲಿನಿಂದ ಇತ್ತು, ಯಾವುದನ್ನು ಜೆಸಿಬಿ ಕಡಿಯಿತು ಎಂಬುದರ ಸುತ್ತಲೇ. ದಿನಾಂಕವಿರುವ ಒಂದು ಫೋಟೊ ಅದಕ್ಕೆ ನೇರ ಉತ್ತರ ಕೊಡುತ್ತಿತ್ತು.

ಉಪಗ್ರಹ ಚಿತ್ರ ಇದೆಯಲ್ಲ ಎಂದು ಯಾರಾದರೂ ತಮಗೆ ಹೇಳಬಹುದು. ಅದು ನೆತ್ತಿಯ ಮೇಲಿಂದ ತೆಗೆದದ್ದು. ಚಾವಣಿ ಎಷ್ಟು ಹೆಚ್ಚಾದವು ಎಂದು ಎಣಿಸಬಹುದು. ಮನೆಯ ಬೆನ್ನಿಗೆ ನೆಟ್ಟಗೆ ಕಡಿದ ಬರೆಯ ಎತ್ತರ ಅದರಲ್ಲಿ ಸುಲಭಕ್ಕೆ ಸಿಗದು. ಪಕ್ಕದಿಂದ ನೋಡಿದರೆ ಕೆಂಪು ಮಣ್ಣಿನ ಗಾಯ ಎದ್ದು ಕಾಣುತ್ತದೆ. ಎಷ್ಟು ಮರ ಹೋಯಿತು, ತಡೆಗೋಡೆ ಎಲ್ಲಿ ಬಂತು, ತೋಡಿನ ಅಂಚಿಗೆ ಯಾವ ಕಟ್ಟಡ ಇಳಿಯಿತು ಎಂಬುದೂ ಅಷ್ಟೇ. ಕೋಟೆಯಿಂದ ಎಲ್ಲ ಬಡಾವಣೆಯೂ ಕಾಣುವುದಿಲ್ಲ. ಕಾಣದ ಕಡೆಗೆ ಬೇರೆ ದಿಣ್ಣೆಯೊಂದನ್ನು ಆರಿಸಿಕೊಳ್ಳಬಹುದು.

ಅರಮನೆ ಸಂರಕ್ಷಿತ ಸ್ಮಾರಕ. ಟ್ರೈಪಾಡ್ ನಿಲ್ಲಿಸಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ತಮ್ಮ ಕಚೇರಿಯಿಂದ ಹೋದ ಪತ್ರಕ್ಕೆ ಅದು ಸಿಗುವುದು ಕಷ್ಟವಲ್ಲ. ಗೋಡೆಗೆ ಮೊಳೆ ಹೊಡೆಯುವುದು, ಬಣ್ಣ ಬಳಿಯುವುದು ಮಾತ್ರ ಬೇಡವೇ ಬೇಡ. ಅಳತೆ ಬರೆದಿಟ್ಟರೆ ಜಾಗ ಮತ್ತೆ ಹುಡುಕಬಹುದು.

ಊರಿನ ಸ್ಟುಡಿಯೊಗಳಲ್ಲಿ, ಹಳೆಯ ಮನೆಗಳ ಆಲ್ಬಂಗಳಲ್ಲಿ ಕೋಟೆಯಿಂದ ತೆಗೆದ ಚಿತ್ರಗಳು ಇರಲೇಬೇಕು. ಅವನ್ನೂ ಕೇಳಿ ಪಡೆದು, ಸ್ಕ್ಯಾನ್ ಮಾಡಿ, ಮಾಲೀಕರಿಗೆ ಹಿಂದಿರುಗಿಸಿ. ಎಲ್ಲವನ್ನೂ ಜಿಲ್ಲೆಯ ವೆಬ್‌ಸೈಟಿನಲ್ಲಿ ಇಡಿ. ಮನೆ ಕಟ್ಟಲು ಹೊರಟವನೂ, ಪರವಾನಗಿ ಕೊಡುವ ನಗರಸಭೆಯವರೂ ಒಂದೇ ಚಿತ್ರ ನೋಡಲಿ.

ದೊಡ್ಡ ಅನುದಾನ ಬೇಡುವ ಕೆಲಸವಿದಲ್ಲ. ತಾವು ಆದೇಶ ಮಾಡಿದರೆ ನನ್ನ ಕ್ಯಾಮೆರಾ, ಸಮಯ ಎರಡನ್ನೂ ಉಚಿತವಾಗಿ ಕೊಡುತ್ತೇನೆ. ಮೊದಲ ಫೋಟೊ ಬರುವ ಮುಂಗಾರಿಗೆ ಮುಂಚೆಯೇ ಆಗಲಿ.

ಇಂತಿ,
ಮಡಿಕೇರಿಯ ಒಬ್ಬ ಛಾಯಾಗ್ರಾಹಕ