ಹಳೆಯ ಪ್ರಕರಣವಂತೆ, ಹಳೆಯದು ಮಾಡಿದವರು ಯಾರು?

ಮಾನ್ಯ ಸಂಪಾದಕರೇ,

ಲಂಚದ ಪ್ರಕರಣದ ಸರ್ವೇಯರ್‌ಗೆ ಶಿಕ್ಷೆ ಇಳಿದ ವರದಿಯನ್ನು ನಿನ್ನೆಯ ಜಿಲ್ಲಾ ಪುಟದಲ್ಲಿ ಓದಿ ಬರೆಯುತ್ತಿದ್ದೇನೆ. ಅದರಲ್ಲಿ ‘ದೂರುದಾರ’ ಎಂದು ಒಂದೇ ಕಡೆ ಬಂದಿರುವ ಮನುಷ್ಯ ನಾನೇ. ವಿಶೇಷ ನ್ಯಾಯಾಲಯ ಕೊಟ್ಟಿದ್ದು ನಾಲ್ಕು ವರ್ಷ. ಮೇಲಿನ ನ್ಯಾಯಾಲಯ ಅದನ್ನು ಒಂದು ವರ್ಷಕ್ಕೆ ಇಳಿಸಿದೆ. ಪ್ರಕರಣ ಬಹಳ ಹಳೆಯದಂತೆ, ಆರೋಪಿ ನಿವೃತ್ತರಂತೆ, ಸಕ್ಕರೆ ಕಾಯಿಲೆಯಂತೆ.

ಹಳೆಯದು ಮಾಡಿದವರು ಯಾರು ಸ್ವಾಮಿ? ನನಗೆ ಹನ್ನೊಂದು ಸಲ ಸಮನ್ಸ್ ಬಂತು. ಕಬ್ಬು ಕಡಿಯುವ ಆಳುಗಳನ್ನು ಗದ್ದೆಯಲ್ಲೇ ಬಿಟ್ಟು ಮಂಡ್ಯಕ್ಕೆ ಬಂದು ಕೋರ್ಟಿನ ಪಡಸಾಲೆಯಲ್ಲಿ ಸಂಜೆಯವರೆಗೆ ನಿಂತಿದ್ದೇನೆ. ಒಮ್ಮೆ ಅವರ ವಕೀಲರಿಲ್ಲ, ಒಮ್ಮೆ ನ್ಯಾಯಾಧೀಶರು ರಜೆ, ಒಮ್ಮೆ ಪಂಚನಾಮೆಯ ಸಾಕ್ಷಿಗಳಾದ ಪಂಚರಲ್ಲೊಬ್ಬರು ವರ್ಗವಾಗಿ ಹೋಗಿದ್ದಾರೆ. ಕೊನೆಗೂ ಸಾಕ್ಷಿ ಹೇಳಿದ ದಿನ, 2013ರಲ್ಲಿ ಆ ಸರ್ವೇಯರ್‌ ಲಂಚದ ನೋಟು ಮುಟ್ಟಿ ಸಿಕ್ಕಿಬಿದ್ದಾಗ ಆತನ ಬೆರಳು ತೊಳೆದ ನೀರಿನ ಬಾಟಲಿಯನ್ನು ಮೇಜಿನ ಮೇಲಿಟ್ಟರು. ನೋಟಿಗೆ ಹಚ್ಚಿದ್ದ ಪುಡಿ ತಾಗಿ ನನ್ನ ಕಣ್ಣೆದುರೇ ಗುಲಾಬಿ ಬಣ್ಣಕ್ಕೆ ತಿರುಗಿದ್ದ ನೀರು, ಅಕ್ಕಿ ತೊಳೆದ ನೀರಿನಂತೆ ಬಿಳಿಚಿಕೊಂಡಿತ್ತು. ‘ಎಲ್ಲಿದೆ ಬಣ್ಣ?’ ಎಂದು ಪಾಟೀಸವಾಲಿನಲ್ಲಿ ನನ್ನನ್ನೇ ಕೇಳಿದರು. ಬಣ್ಣ ಹೋಗುವಷ್ಟು ಕಾಲ ಎಳೆದವನು ನಾನಲ್ಲ.

ಭ್ರಷ್ಟಾಚಾರ ತಡೆ ಕಾಯ್ದೆಯ ಕನಿಷ್ಠ ಶಿಕ್ಷೆಯನ್ನು 2014ರ ಜನವರಿಯಲ್ಲಿ ಏರಿಸಿದರು. ಲಂಚಕ್ಕೆ ಆರು ತಿಂಗಳಿದ್ದದ್ದು ಮೂರು ವರ್ಷವಾಯಿತು, ಅಧಿಕಾರದ ದುರ್ನಡತೆಗೆ ಒಂದು ವರ್ಷವಿದ್ದದ್ದು ನಾಲ್ಕಾಯಿತು. ನನ್ನ ಪ್ರಕರಣ 2013ರ ಅಕ್ಟೋಬರ್‌ನದು, ಅದಕ್ಕೆ ಮೂರು ತಿಂಗಳು ಮೊದಲಿನದು. ಅಪರಾಧ ನಡೆದ ದಿನದ ಕಾನೂನಿಗಿಂತ ಹೆಚ್ಚಿನ ಶಿಕ್ಷೆ ಕೊಡಬಾರದೆಂದು ಸಂವಿಧಾನದ 20ನೇ ವಿಧಿ ಹೇಳುತ್ತದೆ, ಒಪ್ಪುತ್ತೇನೆ. ಆದರೆ ಹಳೆಯ ಕಾನೂನಿನಲ್ಲೂ ದುರ್ನಡತೆಗೆ ಏಳು ವರ್ಷದವರೆಗೆ ಕೊಡಬಹುದಿತ್ತಲ್ಲ! ಕನಿಷ್ಠಕ್ಕಿಂತ ಕೆಳಗೆ ಇಳಿಯುವ ಅಧಿಕಾರ ನ್ಯಾಯಾಲಯಕ್ಕಿಲ್ಲ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ (ಪೋಕ್ಸೊ) ಪ್ರಕರಣವೊಂದರಲ್ಲಿ ಹೇಳಿ, ಏಳು ವರ್ಷಕ್ಕೆ ಇಳಿದಿದ್ದ ಶಿಕ್ಷೆಯನ್ನು ಮತ್ತೆ ಹತ್ತಕ್ಕೆ ಏರಿಸಿತು. ಕನಿಷ್ಠದ ಗೆರೆಗಿಂತ ಕೆಳಗಿಳಿಯಬಾರದು ಎಂದರೆ ಎಲ್ಲರನ್ನೂ ಆ ಗೆರೆಯ ಮೇಲೇ ತಂದು ಕೂರಿಸಬೇಕು ಎಂದು ಅರ್ಥವೇ? ಸಾಕ್ಷಿಗಳ ಮುಖ ನೋಡಿ, ಮಾತು ಕೇಳಿ ಕೆಳಗಿನ ನ್ಯಾಯಾಧೀಶರು ಕೊಟ್ಟ ನಾಲ್ಕು ವರ್ಷಕ್ಕೆ ಬೆಲೆಯಿಲ್ಲವೇ?

ನನಗೂ ಅರವತ್ತೆಂಟು ವಯಸ್ಸು. ನನಗೂ ಸಕ್ಕರೆ ಕಾಯಿಲೆ ಇದೆ. ಅದನ್ನು ಯಾವ ಆದೇಶದಲ್ಲೂ ಯಾರೂ ಬರೆಯಲಿಲ್ಲ.

ಶಿಕ್ಷೆ ಸಾಲದೆಂದು ಮೇಲ್ಮನವಿ ಹೂಡುವುದು ಸರ್ಕಾರದ ಕೆಲಸ, ದೂರುದಾರನಿಗೆ ಆ ಹಕ್ಕಿಲ್ಲ ಎಂದು ವಕೀಲರು ಹೇಳಿ ಕಳುಹಿಸಿದರು. ಯಾವ ಸರ್ಕಾರ? 2016ರಲ್ಲಿ ಲೋಕಾಯುಕ್ತ ಪೊಲೀಸರ ಕೈಕಟ್ಟಿ ಭ್ರಷ್ಟಾಚಾರ ನಿಗ್ರಹ ದಳ (ಎಸಿಬಿ) ತಂದು, 2022ರಲ್ಲಿ ಹೈಕೋರ್ಟ್ ಅದನ್ನು ರದ್ದುಪಡಿಸುವವರೆಗೂ ಸುಮ್ಮನಿದ್ದ ಸರ್ಕಾರಗಳೇ? ಸರ್ಕಾರಿ ಕಚೇರಿಯ ಗೋಡೆಯ ಮೇಲೆ, ಗೊತ್ತಾದ ದಿನದೊಳಗೆ ಕೆಲಸ ಮಾಡಿಕೊಡುತ್ತೇವೆನ್ನುವ ‘ಸಕಾಲ’ ಯೋಜನೆಯ ಬೋರ್ಡು ಇದೆ. ನಮ್ಮ ಬೀದಿಯ ವಿಧವೆಯೊಬ್ಬರು ಪೌತಿ ಖಾತೆಗಾಗಿ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಬರೆಸುವುದಕ್ಕಾಗಿ) ಎರಡು ವರ್ಷದಿಂದ ಅದೇ ಬೋರ್ಡಿನ ಕೆಳಗೆ ಕುಳಿತು ಬರುತ್ತಿದ್ದಾರೆ. ಮಧ್ಯಾಹ್ನ ಮೂರಾದರೂ ಊಟಕ್ಕೆ ಹೋದವರು ಹಿಂದಿರುಗುವುದಿಲ್ಲ.

ಸರ್ಕಾರ ಕೂಡಲೇ ಸುಪ್ರೀಂ ಕೋರ್ಟಿಗೆ ಹೋಗಬೇಕು. ಇಲ್ಲವೇ ಕನಿಷ್ಠ ಶಿಕ್ಷೆಯನ್ನೇ ಹತ್ತು ವರ್ಷ ಮಾಡಬೇಕು. ವಾಯಿದೆಯ ಮೇಲೆ ವಾಯಿದೆ ಕೊಡುವುದನ್ನೂ ನಿಲ್ಲಿಸಬೇಕು. ಸಂಬಂಧಪಟ್ಟವರು ಯಾರೇ ಇರಲಿ, ಅವರಿಗೆ ನಾಚಿಕೆಯಾಗಬೇಕು. ಮೂರು ಸಾವಿರ ರೂಪಾಯಿ ಕೊಡಲಿಲ್ಲವೆಂದು ಅಂದು ನಿಲ್ಲಿಸಿದ ನನ್ನ ಒಂದು ಎಕರೆ ಹತ್ತು ಗುಂಟೆಯ ಪೋಡಿ, ಅಂದರೆ ಅಳೆದು ಬೇರ್ಪಡಿಸುವ ಕೆಲಸ, ಇಂದಿಗೂ ಆಗಿಲ್ಲ.

– ನೊಂದ ರೈತ, ಮಂಡ್ಯ ತಾಲ್ಲೂಕು