ಕಾರಿಲ್ಲದ ಮನೆಗಳ ಕೌಂಟಿ

ಆತ್ಮೀಯ ಕನ್ನಡ ಬಂಧುಗಳೇ,

ನಮ್ಮ ಓಹಾಯೊದ್ದೇ ಒಂದು ಹಳ್ಳಿಗಾಡಿನ ಕೌಂಟಿಯ ಲೆಕ್ಕ ಮೊದಲು ಹೇಳುತ್ತೇನೆ, ಹೆಸರು ಆಮೇಲೆ. ಇಲ್ಲಿ ಎಂಟನೇ ತರಗತಿಗೇ ಓದು ನಿಲ್ಲಿಸಿದವರು ಸಾವಿರಾರು ಜನ. ಒಂದೂ ಕಾರಿಲ್ಲದ ಮನೆಗಳು ಬೇಕಾದಷ್ಟು. ಆರೋಗ್ಯ ವಿಮೆ ಇಲ್ಲದವರ ಪ್ರಮಾಣ ಇಡೀ ರಾಜ್ಯದಲ್ಲೇ ಜಾಸ್ತಿ. ಇಂಟರ್ನೆಟ್ ಇರುವ ಮನೆ ಕಡಿಮೆ. ಮನೆಯೊಳಗೆ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡುವವರು ಹೆಚ್ಚು ಕಡಿಮೆ ಅರ್ಧದಷ್ಟು.

ಇಷ್ಟು ಕೇಳಿದರೆ ಕಷ್ಟದಲ್ಲಿರುವ ಊರು ಅನ್ನಿಸುತ್ತದೆ, ಅಲ್ವಾ? ಆದರೆ ಅದೇ ಪಟ್ಟಿಯ ಇನ್ನೊಂದು ಪುಟ ತಿರುವಿದರೆ ಬೇರೆ ಚಿತ್ರ ಕಾಣುತ್ತದೆ. ಕೆಲಸ ಇಲ್ಲದೆ ಕೂತವರು ರಾಜ್ಯದಲ್ಲೇ ಅತಿ ಕಡಿಮೆ ಇರುವ ಕೌಂಟಿಗಳಲ್ಲಿ ಇದೂ ಒಂದು. ಜನ ಊರು ಬಿಟ್ಟು ಹೋಗುತ್ತಿಲ್ಲ. 1990ರಲ್ಲಿ 32,849 ಇದ್ದ ಜನಸಂಖ್ಯೆ 2020ರ ಗಣತಿಯಲ್ಲಿ 44,223 ಆಗಿದೆ. ಓಹಾಯೊದ ಪೂರ್ವ ಭಾಗದಲ್ಲೇ ಇರುವ ಹ್ಯಾರಿಸನ್, ಮನ್ರೊ ಕೌಂಟಿಗಳು ಜನ ಕಳೆದುಕೊಳ್ಳುತ್ತಾ ಬಂದಿರುವಾಗ ಈ ಕೌಂಟಿ ಮಾತ್ರ ಬೆಳೆಯುತ್ತಿದೆ. ಅದೂ ಹೊರಗಿನಿಂದ ಯಾರೋ ಬಂದು ಸೇರಿದ್ದಕ್ಕಲ್ಲ, ಮನೆಗಳಲ್ಲಿ ಮಕ್ಕಳು ಹುಟ್ಟುತ್ತಿರುವುದಕ್ಕೆ. ಜನರಲ್ಲಿ ಸುಮಾರು ಮೂರನೇ ಒಂದು ಭಾಗ ಹದಿನೆಂಟು ದಾಟದ ಮಕ್ಕಳೇ.

ಇದು ಹೋಮ್ಸ್ ಕೌಂಟಿ. ಕ್ಲೀವ್‌ಲ್ಯಾಂಡ್‌ನಿಂದ ಹೊರಟರೂ ಕೊಲಂಬಸ್‌ನಿಂದ ಹೊರಟರೂ ಒಂದೂವರೆ ಗಂಟೆಯ ಆಸುಪಾಸಿನ ದಾರಿ. ನಿಮ್ಮಲ್ಲಿ ಬಹಳ ಜನ ಅಲ್ಲಿಗೆ ಹೋಗಿ ಬಂದಿರುತ್ತೀರಿ. ಊರಿನಿಂದ ಅಪ್ಪ ಅಮ್ಮ ಬಂದಾಗ ಬರ್ಲಿನ್, ವಾಲ್‌ನಟ್ ಕ್ರೀಕ್ ಸುತ್ತಿಸಿ, ಚೀಸ್ ರುಚಿ ನೋಡಿಸಿ, ಕುದುರೆಗಾಡಿಯ ಫೋಟೊ ತೆಗೆದು ಸಂಜೆಗೆ ಮನೆ ಸೇರುತ್ತೇವೆ. ನಾನೂ ಹಾಗೇ ಹೋಗಿ ಬಂದವನು. ಈ ಸಲ ಆ ಕೌಂಟಿಯ ಗಣತಿ ಪಟ್ಟಿಗಳನ್ನು ಕೂತು ಓದಿದೆ. ಓದುತ್ತಾ ಓದುತ್ತಾ ನಮ್ಮ ಸಂಘದ ಬಗ್ಗೆಯೇ ಒಂದು ವಿಚಾರ ತಲೆಗೆ ಹತ್ತಿತು. ಅದನ್ನು ನಿಮ್ಮ ಮುಂದೆ ಇಡಬೇಕು.

ಮೊದಲು ಊರಿನ ವಿಷಯ. ಕೌಂಟಿಯ ವಿಸ್ತೀರ್ಣ ಸುಮಾರು 424 ಚದರ ಮೈಲಿ, ನಮ್ಮ ಕಡೆಯ ಒಂದು ತಾಲ್ಲೂಕಿನಷ್ಟು. 1824ರಲ್ಲಿ ರಚನೆಯಾಯಿತು. ಕೇಂದ್ರ ಊರು ಮಿಲ್ಲರ್ಸ್‌ಬರ್ಗ್. ಅಲ್ಲಿರುವವರು ಮೂರು ಸಾವಿರಕ್ಕೆ ಸ್ವಲ್ಪ ಜಾಸ್ತಿ, ಅಷ್ಟೇ. ಪಶ್ಚಿಮಕ್ಕೆ ಕಿಲ್‌ಬಕ್, ಗ್ಲೆನ್‌ಮಾಂಟ್, ನ್ಯಾಶ್‌ವಿಲ್ ಕಡೆ ಹೋದರೆ ಅಮೆರಿಕದ ಬೇರೆ ಯಾವುದೇ ಗುಡ್ಡಗಾಡಿನ ಹಳ್ಳಿಗಳ ಹಾಗೇ ಇರುತ್ತದೆ. ಪೂರ್ವಾರ್ಧವೇ ಬೇರೆ. ಅಲ್ಲಿ ನೆಲೆಸಿರುವವರು ಆಮಿಶ್ ಜನ, ಹಳೆಯ ಕಟ್ಟುಪಾಡಿನಲ್ಲೇ ಸರಳವಾಗಿ ಬದುಕುವ ಒಂದು ಕ್ರೈಸ್ತ ಪಂಥದವರು. 1809ರಲ್ಲಿ ಪೆನ್ಸಿಲ್ವೇನಿಯಾದ ಸಾಮರ್ಸೆಟ್ ಕೌಂಟಿಯಿಂದ ಜೋನಸ್ ಸ್ಟಟ್ಸ್‌ಮನ್ ಎಂಬಾತ ಇಲ್ಲಿಗೆ ಬಂದು ಮನೆ ಕಟ್ಟಿದ. ಅವನ ಹಿಂದೆ ಉಳಿದವರು ಬಂದರು. ಇವತ್ತು ಕೌಂಟಿಯ ಜನರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಆಮಿಶರೇ. ಇಡೀ ಅಮೆರಿಕದಲ್ಲಿ ಇಷ್ಟು ದೊಡ್ಡ ಪಾಲು ಅವರಿರುವ ಕೌಂಟಿ ಇನ್ನೊಂದಿಲ್ಲ.

ಈಗ ಆ ಪಟ್ಟಿಯನ್ನು ಮತ್ತೆ ನೋಡಿ. ಎಂಟನೇ ತರಗತಿಗೆ ಓದು ನಿಲ್ಲುವುದು ಅವರ ಧರ್ಮದ ನಡೆ. 1972ರಲ್ಲಿ ವಿಸ್ಕಾನ್ಸಿನ್ ವಿರುದ್ಧ ಯೋಡರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಇದಕ್ಕೆ ಒಪ್ಪಿಗೆ ಕೊಟ್ಟಿದೆ. ಕಾರಿಲ್ಲದಿರುವುದು ಬಡತನದಿಂದಲ್ಲ, ಕಾರು ಇಟ್ಟುಕೊಳ್ಳಬಾರದೆಂಬ ಅವರ ಧಾರ್ಮಿಕ ಸಭೆಯ ಕಟ್ಟಳೆಯಿಂದ. ವಿಮೆ ಕೊಳ್ಳದವರಿಗೆ ಆಸ್ಪತ್ರೆಯ ಬಿಲ್ ಬಂದಾಗ ಸಭೆಯವರೆಲ್ಲ ಸೇರಿ ಕಟ್ಟುತ್ತಾರೆ. ದೊಡ್ಡ ಮೊತ್ತವಾದರೆ ಒಂದು ಹರಾಜು ಏರ್ಪಡಿಸುತ್ತಾರೆ. ಹೆಂಗಸರು ಹೊಲಿದ ಕೌದಿಗಳು, ಗಂಡಸರು ಮಾಡಿದ ಮೇಜು ಕುರ್ಚಿಗಳು ಬಿಕರಿಯಾಗಿ ದುಡ್ಡು ಹೊಂದುತ್ತದೆ. 1965ರ ಕಾನೂನು ಸ್ವಂತ ಕಸುಬಿನ ಆಮಿಶರಿಗೆ ಸೋಷಿಯಲ್ ಸೆಕ್ಯೂರಿಟಿ ಅನ್ನುವ ಸರ್ಕಾರಿ ಪಿಂಚಣಿ ಯೋಜನೆಯಿಂದಲೂ ವಿನಾಯಿತಿ ಕೊಟ್ಟಿತು. ಅವರು ಆ ತೆರಿಗೆ ಕಟ್ಟುವುದಿಲ್ಲ, ಮುಪ್ಪಿನಲ್ಲಿ ಆ ಹಣವನ್ನೂ ಕೇಳುವುದಿಲ್ಲ. ವಯಸ್ಸಾದವರಿಗೆ ಮಗನ ಮನೆಗೆ ಅಂಟಿಕೊಂಡೇ ಒಂದು ಚಿಕ್ಕ ಮನೆ ಕಟ್ಟಿಕೊಡುತ್ತಾರೆ.

ಡೆಟ್ರಾಯ್ಟ್ ನಗರದ ಯಾವುದೋ ಬಡಾವಣೆಯಲ್ಲಿ ಕಾರಿಲ್ಲದ ಮನೆ ಅಂದರೆ ಒಂದು ಅರ್ಥ, ಹೋಮ್ಸ್ ಕೌಂಟಿಯ ಮೌಂಟ್ ಹೋಪ್‌ನಲ್ಲಿ ಕಾರಿಲ್ಲದ ಮನೆ ಅಂದರೆ ಇನ್ನೊಂದು ಅರ್ಥ. ಅಂಕಿ ಒಂದೇ. ಪಟ್ಟಿ ಓದುವವರು ಆ ಊರಿಗೆ ಹೋಗಿ ನಿಲ್ಲದಿದ್ದರೆ ಈ ವ್ಯತ್ಯಾಸ ತಿಳಿಯುವುದೇ ಇಲ್ಲ.

ಮೌಂಟ್ ಹೋಪ್‌ನ ಹರಾಜಿನ ದಿನ ಒಮ್ಮೆ ಹೋಗಿ ನೋಡಿ. ಉದ್ದಕ್ಕೆ ಕುದುರೆ ಕಟ್ಟುವ ಕಂಬಗಳ ಸಾಲು. ಅದರ ಪಕ್ಕದಲ್ಲೇ ಬ್ಯಾಟರಿ ಸೈಕಲ್‌ಗಳು ನಿಂತಿರುತ್ತವೆ. ಹೌದು, ಬ್ಯಾಟರಿ ಸೈಕಲ್. ಇಲ್ಲಿನ ಕೆಲವು ಸಭೆಗಳು ಅದಕ್ಕೆ ಒಪ್ಪಿಗೆ ಕೊಟ್ಟಿವೆ. ಕೊಟ್ಟಿಗೆಯ ಮಾಡಿನ ಮೇಲೆ ಸೋಲಾರ್ ಫಲಕ ಹಾಕಿ ಚಾರ್ಜ್ ಮಾಡಿಕೊಳ್ಳುತ್ತಾರೆ. ಸ್ವಾರ್ಟ್ಸೆಂಟ್ರೂಬರ್ ಅನ್ನುವ ಕಟ್ಟಾ ಸಂಪ್ರದಾಯದ ಗುಂಪಿನವರು ಮಾತ್ರ ನಿಧಾನ ಹೋಗುವ ವಾಹನ ಅಂತ ಎಚ್ಚರಿಸುವ ಕಿತ್ತಳೆ ಬಣ್ಣದ ತ್ರಿಕೋನವನ್ನು ಗಾಡಿಯ ಹಿಂದೆ ಹಾಕುವುದಕ್ಕೂ ಒಪ್ಪುವುದಿಲ್ಲ. ನಾವು ದೂರದಿಂದ ನೋಡಿ ಎಲ್ಲರೂ ಒಂದೇ ಅಂದುಕೊಳ್ಳುತ್ತೇವೆ. ಒಳಗೆ ಹೋದರೆ ಹಳೇ ಪದ್ಧತಿಯವರು, ಹೊಸ ಪದ್ಧತಿಯವರು, ಇನ್ನೂ ಬಿಗಿಯವರು ಅಂತ ಹಲವು ಪಂಗಡ. ದೀಪ ಯಾವುದು, ಟೋಪಿಯ ಅಂಚು ಎಷ್ಟು ಅಗಲ ಅನ್ನುವುದರಲ್ಲೇ ಅವರವರಿಗೆ ಗುರುತು ಸಿಕ್ಕಿಬಿಡುತ್ತದೆ.

ಬೇಸಾಯದ ವಿಷಯವನ್ನೂ ಇಲ್ಲಿ ಹೇಳಬೇಕು. ಆಮಿಶ್ ಅಂದರೆ ರೈತರು ಅಂತ ನಾವೆಲ್ಲ ತಿಳಿದಿದ್ದೇವೆ. ಈಗ ಬೇಸಾಯವನ್ನೇ ನಂಬಿ ಬದುಕುವ ಮನೆಗಳು ಅಲ್ಲಿ ಕಡಿಮೆ. ಒಂದೊಂದು ಮನೆಯಲ್ಲಿ ಆರೇಳು ಮಕ್ಕಳು, ಭೂಮಿ ಇದ್ದಷ್ಟೇ. ಪ್ರವಾಸಿಗಳು ಬಂದ ಮೇಲೆ ಜಮೀನಿನ ಬೆಲೆಯೂ ಏರಿತು. ಹಂಚಿ ಹಂಚಿ ಎಷ್ಟು ಅಂತ ಹಂಚುವುದು? ನಮ್ಮ ಹಳ್ಳಿಗಳಲ್ಲಿ ಅಣ್ಣ ತಮ್ಮಂದಿರು ಪಾಲಾಗಿ ಕೊನೆಗೆ ಬೆಂಗಳೂರು ಬಸ್ ಹತ್ತಿದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಇವರು ಪಟ್ಟಣಕ್ಕೆ ಹೋಗಲಿಲ್ಲ. ಮನೆಯ ಹಿಂದೆಯೇ ಮರಗೆಲಸದ ಶೆಡ್ ಹಾಕಿದರು. ಡೀಸೆಲ್ ಎಂಜಿನ್ನಿನಿಂದ ಗಾಳಿಯ ಒತ್ತಡ ಮಾಡಿ ಅದರಲ್ಲೇ ಗರಗಸ, ಉಜ್ಜುವ ಯಂತ್ರ ಓಡಿಸಿದರು. ಈಗ ಈ ಭಾಗದಲ್ಲಿ ಇಂಥ ಪೀಠೋಪಕರಣದ ಕಾರ್ಖಾನೆಗಳು ನೂರಾರಿವೆ. ಜಾಗ ಸಾಲದವರು ಹತ್ತಿಪ್ಪತ್ತು ಕುಟುಂಬ ಒಟ್ಟಾಗಿ ಬೇರೆ ರಾಜ್ಯಕ್ಕೆ ಹೋಗಿ ಹೊಸ ನೆಲೆ ಕಟ್ಟುತ್ತಾರೆ. ಒಬ್ಬೊಬ್ಬರೇ ಚದುರಿ ಹೋಗುವುದಿಲ್ಲ. ನನಗೆ ಇದು ತುಂಬಾ ದೊಡ್ಡ ವಿಷಯವಾಗಿ ಕಾಣುತ್ತದೆ.

ಇನ್ನು ಭಾಷೆ. ಮಗು ಹುಟ್ಟಿದಾಗಿನಿಂದ ಕೇಳುವುದು ಪೆನ್ಸಿಲ್ವೇನಿಯಾ ಡಚ್, ಹೆಸರು ಡಚ್ ಆದರೂ ಅದು ಜರ್ಮನ್‌ನ ಒಂದು ಉಪಭಾಷೆ. ಪ್ರಾರ್ಥನೆ, ಬೈಬಲ್ ಹಳೆಯ ಜರ್ಮನ್‌ನಲ್ಲಿ. ಸ್ಕೂಲಿಗೆ ಹೋದ ಮೇಲೆ ಇಂಗ್ಲಿಷ್. ಸ್ವಿಟ್ಜರ್ಲೆಂಡ್, ಅಲ್ಸಾಸ್ ಕಡೆ 1693ರಲ್ಲಿ ಯಾಕೋಬ್ ಅಮ್ಮನ್ ಹುಟ್ಟುಹಾಕಿದ ಈ ಪಂಥದ ಒಂದು ಸಭೆಯೂ ಇವತ್ತು ಯುರೋಪಿನಲ್ಲಿ ಉಳಿದಿಲ್ಲ. ಕೊನೆಯದು 1937ರಲ್ಲಿ ಅದೇ ಮೂಲದ ಇನ್ನೊಂದು ಕ್ರೈಸ್ತ ಪಂಥವಾದ ಮೆನ್ನೊನೈಟರ ಜೊತೆ ಸೇರಿಹೋಯಿತು. ತಾಯಿನೆಲದಲ್ಲಿ ಅಳಿದದ್ದು ಇಲ್ಲಿ ಬೆಳೆಯಿತು. 1900ರ ಸುಮಾರಿಗೆ ಇಡೀ ಅಮೆರಿಕದಲ್ಲಿ ಐದಾರು ಸಾವಿರ ಇದ್ದವರು ಈಗ ಕೆನಡಾ ಸೇರಿ ನಾಲ್ಕು ಲಕ್ಷದ ಹತ್ತಿರ ಇದ್ದಾರೆ.

ಮೂರು ತಲೆಮಾರಿಗೇ ಭಾಷೆ ಹೋಗಿಬಿಡುವ ಈ ದೇಶದಲ್ಲಿ ಇದು ಹೇಗೆ ಸಾಧ್ಯವಾಯಿತು? ಭಾಷೆಯ ಅಭಿಮಾನದ ಭಾಷಣಗಳಿಂದ ಖಂಡಿತ ಅಲ್ಲ. ಅವರಿಗೆ ಪ್ರತ್ಯೇಕ ಚರ್ಚ್ ಕಟ್ಟಡವೇ ಇಲ್ಲ. ಇಪ್ಪತ್ತೈದೋ ಮೂವತ್ತೋ ಮನೆ ಸೇರಿ ಒಂದು ಸಭೆ. ಎರಡು ವಾರಕ್ಕೊಮ್ಮೆ ಭಾನುವಾರ ಒಬ್ಬೊಬ್ಬರ ಮನೆಯಲ್ಲಿ ಸರದಿಯಂತೆ ಕೂಡುತ್ತಾರೆ. ಬೆಂಚುಗಳನ್ನೂ ಹಾಡಿನ ಪುಸ್ತಕಗಳನ್ನೂ ತುಂಬಿದ ಒಂದು ಗಾಡಿ ಮನೆಯಿಂದ ಮನೆಗೆ ಹೋಗುತ್ತಿರುತ್ತದೆ. ಯಾರ ಮನೆಯ ಸರದಿಯೋ ಅವರು ಮನೆಯನ್ನೆಲ್ಲ ತೊಳೆದು ಬಳಿದು ಸಜ್ಜು ಮಾಡುತ್ತಾರೆ. ಮೂರು ಗಂಟೆ ಪ್ರಾರ್ಥನೆ, ಆಮೇಲೆ ಅದೇ ಬೆಂಚುಗಳನ್ನು ಜೋಡಿಸಿ ಮೇಜು ಮಾಡಿ ಊಟ. ಬ್ರೆಡ್ಡು, ಚೀಸು, ಉಪ್ಪಿನಕಾಯಿ, ಕಡಲೆಕಾಯಿ ಬೆಣ್ಣೆ, ಕಾಫಿ. ಎಲ್ಲರ ಮನೆಯಲ್ಲೂ ಹೆಚ್ಚು ಕಡಿಮೆ ಅದೇ ಊಟ, ಹಾಗಾಗಿ ಒಬ್ಬರಿಗಿಂತ ಒಬ್ಬರು ಮೇಲಾಗುವ ಪ್ರಶ್ನೆ ಬರುವುದಿಲ್ಲ. ಮಕ್ಕಳು ಅಂಗಳದಲ್ಲಿ ಆಡುವಾಗ ತಮ್ಮ ಭಾಷೆಯಲ್ಲೇ ಜಗಳ ಆಡುತ್ತಾರೆ. ಕುದುರೆ ಹೋಗುವಷ್ಟು ದೂರದಲ್ಲೇ ಇಡೀ ಬಳಗ ಇದೆ. ಭಾಷೆ ಉಳಿಯುವುದಕ್ಕೆ ಬೇಕಾದದ್ದು ಈ ಹತ್ತಿರ. ನಮ್ಮ ಮನೆಗಳ ನಡುವೆ ನಲವತ್ತು ನಿಮಿಷದ ಹೆದ್ದಾರಿ ಇದೆ.

ಅವರದೆಲ್ಲವೂ ಚಂದ ಅಂತ ನಾನು ಹೇಳುತ್ತಿಲ್ಲ. ಹದಿನಾಲ್ಕು ಹದಿನೈದಕ್ಕೇ ಓದು ಮುಗಿಸುವುದನ್ನು ನಾನು ಒಪ್ಪಲಾರೆ. ಡಾಕ್ಟರ್ ಆಗಬೇಕು ಅನ್ನುವ ಹುಡುಗಿಗೆ ಆ ಸಮಾಜದಲ್ಲಿ ಇದ್ದುಕೊಂಡೇ ಆಗುವ ದಾರಿ ಇಲ್ಲ. ದೀಕ್ಷೆ ತೆಗೆದುಕೊಂಡ ಮೇಲೆ ಬಿಟ್ಟು ಹೋದವರನ್ನು ದೂರ ಇಡುತ್ತಾರೆ. ಆ ನೋವು ತಾಯಿ ತಂದೆಗೂ ಇರುತ್ತದೆ, ಮಕ್ಕಳಿಗೂ ಇರುತ್ತದೆ. ನಮ್ಮಲ್ಲೂ ಜಾತಿ ಬಿಟ್ಟು ಮದುವೆಯಾದವರನ್ನು ಹೊರಗಿಟ್ಟ ಮನೆಗಳಿವೆ. ಅದರ ಬೇನೆ ನಮಗೆ ಗೊತ್ತು. ಹಾಗಾಗಿ ಅವರನ್ನು ನೋಡಿ ಎಲ್ಲವನ್ನೂ ಕಲಿಯಬೇಕಾಗಿಲ್ಲ. ಒಂದನ್ನು ಮಾತ್ರ ಕಲಿಯಬೇಕು ಅನ್ನಿಸಿದೆ.

ಅಮೆರಿಕದ ಗಣತಿ ಧರ್ಮ ಯಾವುದು ಅಂತ ಕೇಳುವುದಿಲ್ಲ. ಹಾಗಿದ್ದರೆ ಹೋಮ್ಸ್ ಕೌಂಟಿಯಲ್ಲಿ ಅರ್ಧದಷ್ಟು ಆಮಿಶರು ಅನ್ನುವ ಲೆಕ್ಕ ಎಲ್ಲಿಂದ ಬಂತು? ಆ ಲೆಕ್ಕ ಇಟ್ಟವರು ಅವರೇ. ಕೆಲವು ವರ್ಷಗಳಿಗೊಮ್ಮೆ ಒಂದು ದಪ್ಪ ಪುಸ್ತಕ ಅಚ್ಚು ಹಾಕಿಸುತ್ತಾರೆ. ಸಭೆವಾರು ಪ್ರತಿ ಮನೆಯ ವಿವರ: ಗಂಡ, ಹೆಂಡತಿ, ಹುಟ್ಟಿದ ದಿನ, ಅವರ ಅಪ್ಪ ಅಮ್ಮಂದಿರ ಹೆಸರು, ಕಸುಬು, ಮಕ್ಕಳು. ಮಿಲ್ಲರ್, ಯೋಡರ್, ಟ್ರಾಯರ್ ಅಂತ ಬೆರಳೆಣಿಕೆಯ ಮನೆತನದ ಹೆಸರುಗಳೇ ಇರುವ ಊರಲ್ಲಿ ಇಷ್ಟು ವಿವರ ಇಲ್ಲದಿದ್ದರೆ ಯಾರು ಯಾರ ಮಗ ಅಂತ ತಿಳಿಯುವುದೇ ಕಷ್ಟ. ವಿಶ್ವವಿದ್ಯಾಲಯದ ಸಂಶೋಧಕರೂ ಕೊನೆಗೆ ಈ ಪುಸ್ತಕವನ್ನೇ ನೋಡಿಕೊಳ್ಳುತ್ತಾರೆ.

ಅದರ ಜೊತೆಗೆ ಪಕ್ಕದ ಟಸ್ಕರಾವಸ್ ಕೌಂಟಿಯ ಶುಗರ್‌ಕ್ರೀಕ್‌ನಿಂದ ‘ದಿ ಬಜೆಟ್’ ಅನ್ನುವ ವಾರಪತ್ರಿಕೆ ಬರುತ್ತದೆ. 1890ರಲ್ಲಿ ಶುರುವಾದದ್ದು. ಅದರ ರಾಷ್ಟ್ರೀಯ ಆವೃತ್ತಿ ಪೂರ್ತಿ ಊರೂರಿನಿಂದ ಬಂದ ಪತ್ರಗಳೇ. ಮಳೆ ಎಷ್ಟು ಬಂತು, ಭಾನುವಾರ ಯಾರ ಮನೆಯಲ್ಲಿ ಸಭೆ ಸೇರಿತು, ಎಲ್ಲಿಂದ ನೆಂಟರು ಬಂದಿದ್ದರು, ಯಾರು ಬಿದ್ದು ಕಾಲು ಮುರಿದುಕೊಂಡರು, ಯಾರಿಗೆ ಗಂಡು ಮಗು. ಫೋಟೊ ಇಲ್ಲ, ದೊಡ್ಡ ಮಾತಿಲ್ಲ. ಸುದ್ದಿಪತ್ರ ನಡೆಸುವ ನನಗೆ ಆ ಪುಟಗಳನ್ನು ನೋಡಿ ಹೊಟ್ಟೆಕಿಚ್ಚೇ ಆಯಿತು.

ಈಗ ನಮ್ಮ ಕಡೆ ನೋಡೋಣ. ಹತ್ತು ವರ್ಷಕ್ಕೊಮ್ಮೆ ಬರುವ ಗಣತಿಯ ಫಾರಂನಲ್ಲಿ ನಾವೆಲ್ಲ ‘ಏಷ್ಯನ್ ಇಂಡಿಯನ್’ ಚೌಕಕ್ಕೆ ಗುರುತು ಹಾಕುತ್ತೇವೆ. ಭಾಷೆ ಕೇಳುವುದು ಅಮೆರಿಕನ್ ಕಮ್ಯುನಿಟಿ ಸರ್ವೇ, ಅದೂ ಆಯ್ದ ಮನೆಗಳಿಗೆ ಮಾತ್ರ. ಅದರ ಪಟ್ಟಿಯಲ್ಲಿ ತೆಲುಗಿಗೆ ಬೇರೆ ಸಾಲಿದೆ, ತಮಿಳಿಗೆ ಬೇರೆ ಸಾಲಿದೆ. ಕನ್ನಡ ಮಾತ್ರ ‘ಮಲಯಾಳಂ, ಕನ್ನಡ ಅಥವಾ ಇತರ ದ್ರಾವಿಡ ಭಾಷೆಗಳು’ ಅನ್ನುವ ಸಾಲಿನಲ್ಲಿ ಕೂಡಿಕೊಂಡಿದೆ. ಆಮಿಶರ ಭಾಷೆಯ ಗತಿಯೂ ಹೀಗೇ. ಅದು ಯಿಡ್ಡಿಶ್ ಜೊತೆ ಒಂದೇ ಸಾಲಿನಲ್ಲಿದೆ. ಆದರೆ ಅವರಿಗೆ ಅದರಿಂದ ಏನೂ ನಷ್ಟವಿಲ್ಲ, ಅವರ ಲೆಕ್ಕ ಅವರ ಪುಸ್ತಕದಲ್ಲಿದೆ. ನಮ್ಮ ಹತ್ತಿರ ಇರುವುದು ಚಂದಾ ಕಟ್ಟಿದವರ ಇಮೇಲ್ ಪಟ್ಟಿ. ಯುಗಾದಿ ಊಟಕ್ಕೆ ಎಷ್ಟು ಎಲೆ ಹಾಕಬೇಕು ಅನ್ನುವುದು ಅದರಿಂದ ಗೊತ್ತಾಗುತ್ತದೆ. ನಮ್ಮಲ್ಲಿ ಒಬ್ಬರೇ ಇರುವ ಹಿರಿಯರು ಎಷ್ಟು ಮಂದಿ, ಎಷ್ಟು ಮನೆಗಳಲ್ಲಿ ಮಕ್ಕಳು ಕನ್ನಡದಲ್ಲಿ ಉತ್ತರ ಕೊಡುತ್ತಾರೆ, ಕೆಲಸ ಹೋಗಿ ವೀಸಾದ ಚಿಂತೆಯಲ್ಲಿ ಯಾರಿದ್ದಾರೆ, ತುಳು, ಕೊಡವ, ಕೊಂಕಣಿ, ಬ್ಯಾರಿ ಮಾತಾಡುವ ಮನೆಗಳು ಎಷ್ಟು, ಅದು ಸಂಘದಲ್ಲಿ ಯಾರಿಗೂ ಗೊತ್ತಿಲ್ಲ.

ಅದಕ್ಕೇ ಈ ಸಂಚಿಕೆಯ ಜೊತೆ ಒಂದು ಹಾಳೆ ಇಟ್ಟಿದ್ದೇವೆ. ಸದಸ್ಯರಾಗಿರಲಿ, ಇಲ್ಲದಿರಲಿ, ನಿಮ್ಮ ಪಕ್ಕದ ಬೀದಿಯ ಕನ್ನಡದವರಿಗೂ ಒಂದು ಪ್ರತಿ ಕೊಡಿ. ಊರು ಯಾವುದು, ಮನೆಯಲ್ಲಿ ಯಾರು ಯಾರು, ಯಾವ ಭಾಷೆ ಆಡುತ್ತೀರಿ, ರಕ್ತದ ಗುಂಪು, ಹಿರಿಯರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲು ಯಾವ ವಾರ ಬಿಡುವಿದೆ, ಬಾಣಂತಿಯ ಮನೆಗೆ ಅಡುಗೆ ಮಾಡಿ ಕಳಿಸಬಲ್ಲಿರಾ. ಹೇಳಲು ಇಷ್ಟವಿಲ್ಲದ ಪ್ರಶ್ನೆಯನ್ನು ಖಾಲಿ ಬಿಡಿ. ಜಾತಿ ಕೇಳಿಲ್ಲ, ಸಂಬಳ ಕೇಳಿಲ್ಲ, ವೀಸಾ ಯಾವುದು ಅಂತಲೂ ಕೇಳಿಲ್ಲ. ಈ ಹಾಳೆ ಸಮಿತಿಯ ಕೈ ದಾಟಿ ಎಲ್ಲಿಗೂ ಹೋಗುವುದಿಲ್ಲ.

ಇನ್ನೊಂದು ಕೋರಿಕೆ. ಮುಂದಿನ ಸಂಚಿಕೆಯಿಂದ ಊರಿಗೊಂದು ಪತ್ರ ಹಾಕಬೇಕು ಅಂತಿದ್ದೇನೆ. ಏಕ್ರನ್, ಟೊಲೀಡೊ, ಡೇಟನ್ ಕಡೆಯವರು ದಯವಿಟ್ಟು ಬರೆಯಿರಿ. ಹಿತ್ತಲಲ್ಲಿ ಬದನೆ ಬಿಟ್ಟಿದ್ದು, ಊರಿನಿಂದ ಅಜ್ಜಿ ಬಂದಿದ್ದು, ಯಾರಿಗೋ ಆಪರೇಷನ್ ಆಗಿದ್ದು, ಮಗಳು ಡ್ರೈವಿಂಗ್ ಟೆಸ್ಟ್ ಪಾಸಾಗಿದ್ದು, ಏನಾದರೂ ಸರಿ. ಮೂರು ಸಾಲು ಬರೆದರೂ ಅಚ್ಚು ಮಾಡುತ್ತೇನೆ.

ತುಂಬಿದ ಹಾಳೆಗಳನ್ನು ರಾಜ್ಯೋತ್ಸವದ ದಿನ ಸಭಾಂಗಣದ ಬಾಗಿಲಲ್ಲಿ ಇಟ್ಟಿರುವ ಪೆಟ್ಟಿಗೆಗೆ ಹಾಕಿ. ಬರಲು ಆಗದವರು ಒಂದು ಫೋನ್ ಮಾಡಿ, ಸಮಿತಿಯವರೇ ನಿಮ್ಮ ಮನೆಗೆ ಬಂದು ಬರೆದುಕೊಳ್ಳುತ್ತೇವೆ.

— ಸಂಪಾದಕ