ಕೊಡಗಿನ ಸೈನಿಕರ ಬಗ್ಗೆ ಬರೆಯಹೊರಟ ತಂಗಿಗೆ

ಪ್ರಿಯ ತಂಗಿ,

ನೀನು ಕಳುಹಿಸಿದ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಕೊಡವ ಜನಾಂಗ ದೇಶದ ಸೇನೆಗೆ ಕೊಟ್ಟಿರುವುದನ್ನೆಲ್ಲ ಒಂದೆಡೆ ತರಬೇಕು, ಅದೂ ಕನ್ನಡದಲ್ಲೇ ಆಗಬೇಕು ಎಂಬ ನಿನ್ನ ಸಂಕಲ್ಪ ನನಗೆ ನಿಜವಾಗಿಯೂ ಸಂತೋಷ ಕೊಟ್ಟಿದೆ. ನಾನು ಹುಟ್ಟಿನಿಂದ ಕೊಡವನಲ್ಲ. ಆದರೆ ಮೂವತ್ತು ವರ್ಷಕ್ಕೂ ಮಿಕ್ಕಿ ಮಡಿಕೇರಿಯಲ್ಲಿದ್ದು, ಈ ಜಿಲ್ಲೆಯ ಮನೆಗಳ ಜಗಲಿಯಲ್ಲಿ ಕುಳಿತು ಕೇಳಿದ್ದನ್ನು ಬರೆಯುತ್ತ ಬಂದವನು. ಆ ಸಲುಗೆಯಿಂದಲೇ ಹೇಳುತ್ತಿದ್ದೇನೆ: ನಿನ್ನ ಮೊದಲ ಹನ್ನೆರಡು ಪುಟಗಳನ್ನು ತೆಗೆದುಬಿಡು. ಅಲ್ಲಿರುವುದು ಹುದ್ದೆಗಳ ಮತ್ತು ಪದಕಗಳ ಪಟ್ಟಿ. ಆ ಪಟ್ಟಿ ತಪ್ಪೆಂದಲ್ಲ, ಅದನ್ನು ಪುಸ್ತಕದ ಕೊನೆಗೆ ಹಾಕಬಹುದು. ಆದರೆ ಪಟ್ಟಿಯನ್ನು ಓದಿದವನು ಹೆಸರುಗಳನ್ನು ನೋಡುತ್ತಾನೆಯೇ ಹೊರತು ಮನುಷ್ಯರನ್ನು ಕಾಣುವುದಿಲ್ಲ, ಮತ್ತು ಗೌರವ ಸಲ್ಲಬೇಕಾದದ್ದು ಮನುಷ್ಯರಿಗೆ.

ಚಿಕ್ಕ ಸಮುದಾಯದ ಬಗ್ಗೆ ಬರೆಯುವಾಗ ಅದು ಎಷ್ಟು ಚಿಕ್ಕದು ಎಂಬುದನ್ನು ಓದುಗನಿಗೆ ಮೊದಲೇ ತಿಳಿಸಬೇಕು. 2011ರ ಜನಗಣತಿಯಲ್ಲಿ ಕೊಡವ ತಕ್ಕನ್ನು ತಾಯ್ನುಡಿಯೆಂದು ಬರೆಸಿದವರು ಸುಮಾರು 1 ಲಕ್ಷ 13 ಸಾವಿರ ಜನ; ಅವರಲ್ಲಿಯೂ ಆ ಭಾಷೆಯಾಡುವ ಬೇರೆ ಸಮುದಾಯದವರು ಸೇರಿದ್ದಾರೆ. ಇಡೀ ಜಿಲ್ಲೆಯ ಜನಸಂಖ್ಯೆಯೇ ಐದೂವರೆ ಲಕ್ಷದ ಆಸುಪಾಸಿನಲ್ಲಿದೆ. ಇಷ್ಟು ಸಣ್ಣ ಜನಾಂಗದ ಕೊಡಂದೇರ ಎಂಬ ಒಂದೇ ಒಕ್ಕದಿಂದ, ಅಂದರೆ ಮನೆತನದಿಂದ, ಇಬ್ಬರು ಭಾರತೀಯ ಭೂಸೇನೆಯ ಮುಖ್ಯಸ್ಥರಾದರು: 1949ರ ಜನವರಿ 15ರಂದು ಬ್ರಿಟಿಷ್ ಸೇನಾಪತಿಯಿಂದ ಅಧಿಕಾರ ವಹಿಸಿಕೊಂಡ ಕಾರ್ಯಪ್ಪನವರು, 1957ರಿಂದ 1961ರವರೆಗೆ ಸೇನೆಯನ್ನು ನಡೆಸಿದ ತಿಮ್ಮಯ್ಯನವರು. ಭಾರತೀಯ ಭೂಸೇನೆಯಲ್ಲಿ ಈವರೆಗೆ ಫೀಲ್ಡ್ ಮಾರ್ಷಲ್ ಆದವರು ಇಬ್ಬರೇ. ಒಬ್ಬರು ಕೊಡವರಾದ ಕಾರ್ಯಪ್ಪ, ಇನ್ನೊಬ್ಬರು ಕೊಡವರಿಗಿಂತಲೂ ಕಡಿಮೆ ಸಂಖ್ಯೆಯಲ್ಲಿರುವ ಪಾರ್ಸಿ ಸಮುದಾಯದ ಮಾಣೆಕ್‌ಷಾ. ಇಂಥ ಸಂಗತಿಗಳನ್ನು ಹೇಳಿ ಸುಮ್ಮನಾಗು. ನಿನ್ನ ಪ್ರತಿಯಲ್ಲಿ ಇವುಗಳ ಪಕ್ಕದಲ್ಲಿ ‘ಅಪ್ರತಿಮ’, ‘ಅದ್ವಿತೀಯ’, ‘ರೋಮಾಂಚಕಾರಿ’ ಎಂಬ ವಿಶೇಷಣಗಳು ಸಾಲುಗಟ್ಟಿವೆ. ಅಂಕಿಗಳೇ ಮಾತನಾಡುವಾಗ ನಾವು ನಡುವೆ ಬಾಯಿ ಹಾಕಬಾರದು.

ಇನ್ನು, ‘ಶೌರ್ಯವೆಂಬುದು ಕೊಡವರ ರಕ್ತದಲ್ಲೇ ಇದೆ’ ಎಂಬ ವಾಕ್ಯ ನಿನ್ನ ಪ್ರತಿಯಲ್ಲಿ ನಾಲ್ಕು ಕಡೆ ಬರುತ್ತದೆ. ಪ್ರೀತಿಯಿಂದ ಬರೆದಿದ್ದೀಯೆ ಎಂದು ಗೊತ್ತು, ಆದರೂ ನಾಲ್ಕು ಕಡೆಯೂ ಅದನ್ನು ಹೊಡೆದುಹಾಕು. ಜನರನ್ನು ಯುದ್ಧಕ್ಕೆ ಹುಟ್ಟಿದವರು, ಹುಟ್ಟದವರು ಎಂದು ವಿಂಗಡಿಸಿದ್ದು ಸೇನೆಗೆ ಆಳು ಸೇರಿಸಿಕೊಳ್ಳುತ್ತಿದ್ದ ಬ್ರಿಟಿಷ್ ಅಧಿಕಾರಿಗಳು. ಆ ವಿಂಗಡಣೆಯನ್ನು ಹೊಗಳಿಕೆಯೆಂದು ನಾವು ಹೊತ್ತುಕೊಂಡು ತಿರುಗಬೇಕಾಗಿಲ್ಲ. ರಕ್ತದಲ್ಲೇ ಇದೆ ಎಂದುಬಿಟ್ಟರೆ ಕಷ್ಟಪಟ್ಟು ಕಲಿತವನ, ಹೆದರಿಕೆಯನ್ನು ನುಂಗಿಕೊಂಡು ನಿಂತವನ ಪಾಲಿಗೆ ಏನೂ ಉಳಿಯುವುದಿಲ್ಲ. ಅದರ ಬದಲು ಕಾರಣಗಳನ್ನು ಹುಡುಕು, ಅವು ಕೊಡಗಿನ ನೆಲದಲ್ಲೇ ಸಿಗುತ್ತವೆ. ಜಮ್ಮಾ ಭೂಮಿಯ ಪದ್ಧತಿಯನ್ನೇ ನೋಡು: ರಾಜರ ಕಾಲದಿಂದಲೂ, ಕರೆದಾಗ ಆಯುಧ ಹಿಡಿದು ಬರಬೇಕೆಂಬ ಕರಾರಿನ ಮೇಲೆ, ಕಡಿಮೆ ಕಂದಾಯಕ್ಕೆ ಒಕ್ಕಕ್ಕೆ ವಂಶಪಾರಂಪರ್ಯವಾಗಿ ಬಂದ ಗದ್ದೆ ಅದು. ಅಂದರೆ ಸೈನಿಕನಾಗುವುದು ಇಲ್ಲಿ ಹೊಲದ ಹಕ್ಕಿನ ಜೊತೆ ಹೆಣೆದುಕೊಂಡಿದ್ದ ಕರ್ತವ್ಯ. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡ ಮೇಲೂ ಆ ಪದ್ಧತಿ ಮುರಿಯಲಿಲ್ಲ. 1861ರಲ್ಲಿ ಕೋವಿಯ ಪರವಾನಗಿಯಿಂದ ಕೊಟ್ಟ ವಿನಾಯಿತಿ ಇಂದಿಗೂ ನಡೆದುಬಂದಿದೆ. 2021ರಲ್ಲಿ ರಾಜ್ಯದ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು.

ಈ ಕಾರಣಗಳನ್ನು ಕಾನೂನಿನ ಭಾಷೆಯಲ್ಲಿ ಬರೆಯುವುದಕ್ಕಿಂತ ಒಂದು ಮನೆಯೊಳಗೆ ತೋರಿಸಿದರೆ ಓದುಗನಿಗೆ ಬೇಗ ತಲುಪುತ್ತದೆ. ಸೆಪ್ಟೆಂಬರಿನ ಮೊದಲ ದಿನಗಳಲ್ಲಿ, ನಾಟಿ ಮುಗಿದು ಮೈಕೈ ನೋವು ಆರುವ ಹೊತ್ತಿಗೆ, ಆಯುಧಗಳನ್ನು ಪೂಜಿಸುವ ಹಬ್ಬ ಕೈಲ್ ಪೊಳ್ದ್ ಬರುತ್ತದೆ. ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ಉಜ್ಜಿ, ಎಣ್ಣೆ ಸವರಿ, ದೇವರ ಕೋಣೆಯಲ್ಲಿಟ್ಟು, ಕೋವಿಯ ನಳಿಗೆಯ ಬಾಯಿಗೆ ಬೆಂಕಿಯ ನಾಲಿಗೆಯಂಥ ಹೂವಾದ ತೋಕ್‌ಪೂವನ್ನು ಸಿಕ್ಕಿಸುತ್ತಾರೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸಿ ಗುಡ್ಡದಾಚೆಯವರಿಗೆ ತಿಳಿಸುತ್ತಿದ್ದ ಊರು ಇದು. ಆ ಸದ್ದಿನ ನಡುವೆ ಬೆಳೆದ ಹುಡುಗನಿಗೆ ಸೇನೆಯ ಭರ್ತಿ ಎಂಬುದು ದೂರದ ಮಾತಾಗಿ ಕೇಳಿಸಿರಲಾರದು.

ಈಗ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ವಿಷಯ. ಅವರಿಗೆ ನೀನು ಕೊಟ್ಟಿರುವುದು ಒಂದೂವರೆ ಸಾಲು: ‘1965ರ ಯುದ್ಧದ ವೀರ, ಮಹಾವೀರ ಚಕ್ರ’. ನನ್ನ ಎಣಿಕೆಯಲ್ಲಿ ನಿನ್ನ ಪುಸ್ತಕದ ಹೃದಯವೇ ಅಲ್ಲಿದೆ. 1965ರ ಸೆಪ್ಟೆಂಬರ್ 7ರ ಬೆಳಗ್ಗೆ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟ ಮಿಸ್ಟೇರ್ ವಿಮಾನಗಳ ತಂಡದಲ್ಲಿ ಅವರು ಕಾಯ್ದಿರಿಸಿದ ಪೈಲಟ್ ಆಗಿದ್ದರು; ಯಾರಾದರೂ ಹಿಂದುಳಿದರೆ ಮಾತ್ರ ಅವರ ಸರದಿ. ಆ ಸರದಿ ಬಂತು. ಹಿಂತಿರುಗುವ ದಾರಿಯಲ್ಲಿ, ವೇಗದಲ್ಲಿ ತಮ್ಮ ವಿಮಾನಕ್ಕಿಂತ ಎಷ್ಟೋ ಮುಂದಿದ್ದ ಪಾಕಿಸ್ತಾನದ ಯುದ್ಧವಿಮಾನ ಸ್ಟಾರ್‌ಫೈಟರ್ ಒಂದರ ಹೊಡೆತಕ್ಕೆ ಸಿಕ್ಕಿದ ಮೇಲೂ, ಅವರು ತಿರುಗಿ ನಿಂತು ಕಾದಾಡಿ ಅದನ್ನು ಉರುಳಿಸಿದರು. ಆ ವಿಮಾನದ ಪೈಲಟ್ ಹೊರಹಾರಿ ಬದುಕಿಕೊಂಡರು. ದೇವಯ್ಯನವರು ಮರಳಲಿಲ್ಲ, ಮತ್ತು ಅವರು ಮಾಡಿದ್ದನ್ನು ನಮ್ಮ ಕಡೆ ಕಂಡವರು ಯಾರೂ ಇರಲಿಲ್ಲ.

ಮುಂದಿನ ಹಲವು ವರ್ಷ ಅವರು ನಾಪತ್ತೆಯಾದವರು, ಅಷ್ಟೇ. 1979ರಲ್ಲಿ ಬ್ರಿಟಿಷ್ ಲೇಖಕರೊಬ್ಬರು ಆ ಯುದ್ಧವನ್ನು ಪಾಕಿಸ್ತಾನದ ಕಡೆಯಿಂದ ಬರೆದ ಪುಸ್ತಕ ಹೊರಬಂದಾಗ, ಆ ಸ್ಟಾರ್‌ಫೈಟರನ್ನು ಕೆಡವಿದ್ದು ಒಂದು ಮಿಸ್ಟೇರ್ ಎಂಬುದು ತಿಳಿಯಿತು. ಆ ಮಿಸ್ಟೇರಿನಲ್ಲಿದ್ದವರು ದೇವಯ್ಯನವರಲ್ಲದೆ ಬೇರೆ ಯಾರೂ ಆಗಿರಲು ಸಾಧ್ಯವಿರಲಿಲ್ಲ. 1988ರಲ್ಲಿ, 23 ವರ್ಷಗಳ ಬಳಿಕ, ಮಹಾವೀರ ಚಕ್ರ ಘೋಷಣೆಯಾಗಿ ಅವರ ಪತ್ನಿಯ ಕೈ ಸೇರಿತು. ತಂಗಿ, ಇದನ್ನು ನಿಧಾನವಾಗಿ ಬರೆ. ಎದುರಾಳಿಯ ದಾಖಲೆಯೇ ಸಾಕ್ಷಿಯಾಗಿ ಬಂದ ಗೌರವ ಇದು. ಇದಕ್ಕಿಂತ ಗಟ್ಟಿಯಾದ ಪ್ರಶಂಸೆಯನ್ನು ನೀನಾಗಲಿ ನಾನಾಗಲಿ ಬರೆದು ಕೊಡಲಾರೆವು. ಆ 23 ವರ್ಷಗಳ ಕಾಲ ಮನೆಯವರು ಏನನ್ನು ನಂಬಿಕೊಂಡು ಬದುಕಿದರು ಎಂದು ಊಹಿಸಿ ಬರೆಯಬೇಡ. ಹೇಳಲು ಇಚ್ಛಿಸುವವರು ಇದ್ದರೆ ಕೇಳು, ಇಲ್ಲವಾದರೆ ಆ ಜಾಗವನ್ನು ಖಾಲಿ ಬಿಡು.

ಕಾರ್ಯಪ್ಪನವರ ಮಗ, ವಾಯುಸೇನೆಯ ಪೈಲಟ್, ಅದೇ 1965ರಲ್ಲಿ ಪಾಕಿಸ್ತಾನದಲ್ಲಿ ಸೆರೆಯಾದ ಪ್ರಸಂಗ ಎಲ್ಲರಿಗೂ ಗೊತ್ತಿದೆ. ಹಿಂದೆ ತಮ್ಮ ಕೈಕೆಳಗೆ ಕೆಲಸ ಮಾಡಿದ್ದ, ಆಗ ಪಾಕಿಸ್ತಾನದ ಅಧ್ಯಕ್ಷರಾಗಿದ್ದ ಅಯೂಬ್ ಖಾನರಿಂದ ಬಂದ ವಿಶೇಷ ಉಪಚಾರದ ಸೂಚನೆಯನ್ನು ತಂದೆ ಒಪ್ಪಲಿಲ್ಲ, ಸೆರೆಯಲ್ಲಿರುವ ಸೈನಿಕರೆಲ್ಲರೂ ತಮಗೆ ಮಕ್ಕಳೇ ಎಂಬ ಅರ್ಥದ ಉತ್ತರ ಕೊಟ್ಟರು. ನೀನು ಅದನ್ನು ಉದ್ಧರಣ ಚಿಹ್ನೆಯೊಳಗೆ, ನಾಟಕದ ಸಂಭಾಷಣೆಯಂತೆ ಬರೆದಿದ್ದೀಯೆ. ಆ ಮಾತು ಹತ್ತು ಕಡೆ ಹತ್ತು ರೀತಿಯಲ್ಲಿ ಅಚ್ಚಾಗಿದೆ. ಕಾಗದವನ್ನು ಕಣ್ಣಾರೆ ನೋಡದೆ ಉದ್ಧರಣ ಚಿಹ್ನೆ ಹಾಕಬಾರದು. ಅರ್ಥವನ್ನಷ್ಟೇ ನಿನ್ನ ವಾಕ್ಯದಲ್ಲಿ ಹೇಳು.

ತಿಮ್ಮಯ್ಯನವರ ಅಧ್ಯಾಯದಲ್ಲಿ ನೀನು ಒಬ್ಬರನ್ನು ಬಿಟ್ಟಿದ್ದೀಯೆ, ಅದು ಮರೆವೋ ಸಂಕೋಚವೋ ತಿಳಿಯಲಿಲ್ಲ. ತಿಮ್ಮಯ್ಯನವರ ತಾಯಿಯ ಮೂವರು ಗಂಡುಮಕ್ಕಳೂ ಸೇನಾಧಿಕಾರಿಗಳಾದರು. ತಿಮ್ಮಯ್ಯನವರು ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ಅರಕಾನ್ ರಂಗದಲ್ಲಿ ಜಪಾನೀಯರ ವಿರುದ್ಧ ಬ್ರಿಗೇಡನ್ನು ನಡೆಸಿದರೆ, ಅಣ್ಣ ಪೊನ್ನಪ್ಪನವರು ಸುಭಾಷಚಂದ್ರ ಬೋಸರ ಆಜಾದ್ ಹಿಂದ್ ಫೌಜ್ ಸೇರಿದ್ದರು. ಕಿರಿಯ ತಮ್ಮ ಸೋಮಯ್ಯನವರು 1947–48ರ ಕಾಶ್ಮೀರ ಕಾರ್ಯಾಚರಣೆಯ ಕಾಲದಲ್ಲಿ ನೆಲಬಾಂಬಿನಿಂದ ತೀರಿಕೊಂಡರು. ಒಂದೇ ಮನೆಯ ಅಣ್ಣ-ತಮ್ಮ ಒಂದೇ ಯುದ್ಧದ ಎರಡು ಕಡೆ ನಿಂತ ಸಂಗತಿಯನ್ನು ಮುಚ್ಚಿಟ್ಟು ಯಾರ ಗೌರವವನ್ನೂ ಕಾಪಾಡಲಾಗುವುದಿಲ್ಲ. ಆ ಕಾಲದ ಭಾರತೀಯ ಸೈನಿಕನ ಎದೆಯಲ್ಲಿದ್ದ ಪ್ರಶ್ನೆ ಎಂಥದ್ದು ಎಂಬುದು ಮಡಿಕೇರಿಯ ಆ ಒಂದು ಮನೆಯಲ್ಲೇ ಕಾಣುತ್ತದೆ.

ಕಾಶ್ಮೀರದ ಜೊಜಿ ಲಾ ಕಣಿವೆಯ ವಿವರದಲ್ಲೂ ಇನ್ನೊಂದು ಲೋಪವಿದೆ. 1948ರ ನವೆಂಬರ್ 1ರಂದು, ಹನ್ನೊಂದು ಸಾವಿರ ಅಡಿಗೂ ಮಿಕ್ಕ ಎತ್ತರದಲ್ಲಿ, ಹಿಮದ ನಡುವೆ ಟ್ಯಾಂಕುಗಳನ್ನು ಹತ್ತಿಸಿ ತಿಮ್ಮಯ್ಯನವರು ಶತ್ರುವನ್ನು ಬೆಚ್ಚಿಬೀಳಿಸಿದ್ದು ನಿಜ. ಆದರೆ ಆ ಟ್ಯಾಂಕುಗಳ ಗೋಪುರಗಳನ್ನು ಕಳಚಿ, ಗುಟ್ಟು ಬಿಡದೆ, ದುರ್ಬಲ ಸೇತುವೆಗಳನ್ನು ದಾಟಿಸಿ ತಂದವರು ಏಳನೆಯ ಲೈಟ್ ಕ್ಯಾವಲ್ರಿಯ ಸೈನಿಕರು. ಕತ್ತೆದಾರಿಯಂತಿದ್ದ ಹಾದಿಯನ್ನು ಟ್ಯಾಂಕು ಹೋಗುವಷ್ಟು ಅಗಲಿಸಿದವರು ಸೇನೆಯ ಇಂಜಿನಿಯರ್ ದಳದ ಮದ್ರಾಸ್ ಸ್ಯಾಪರ್‌ಗಳು. ಅವರನ್ನೂ ಹೆಸರಿಸು. ಒಬ್ಬ ಕೊಡವ ಜನರಲ್ ಇಂಥವರನ್ನು ನಂಬಿ, ಅವರು ತನ್ನನ್ನು ನಂಬುವಂತೆ ನಡೆದುಕೊಂಡರು ಎಂಬುದು ಅವರ ದೊಡ್ಡತನವನ್ನು ಹೆಚ್ಚಿಸುತ್ತದೆಯೇ ಹೊರತು ಕುಗ್ಗಿಸುವುದಿಲ್ಲ. ಕೊಡಗಿನೊಳಗೂ ಇದೇ ಮಾತು ಸಲ್ಲುತ್ತದೆ. ಅರೆಭಾಷೆ ಗೌಡರ ಮನೆಗಳಿಂದ, ಬೇರೆ ಸಮುದಾಯಗಳಿಂದ ಸೇನೆಗೆ ಹೋದವರು ಕಡಿಮೆಯೇನಲ್ಲ. ಬ್ರಿಟಿಷರ ವಿರುದ್ಧ ಎದ್ದು 1837ರಲ್ಲಿ ಮಡಿಕೇರಿಯಲ್ಲೇ ಗಲ್ಲಿಗೇರಿದ ಗುಡ್ಡೆಮನೆ ಅಪ್ಪಯ್ಯ ಗೌಡರ ನೆಲವಿದು. ನಿನ್ನ ಪುಸ್ತಕ ಕೊಡವರ ಬಗ್ಗೆ ಇರಲಿ, ಆದರೆ ಪಕ್ಕದ ಮನೆಯವರು ಓದಿದಾಗ ತಮ್ಮನ್ನು ಹೊರಗೆ ನಿಲ್ಲಿಸಿದರೆಂದು ಅವರಿಗೆ ಅನಿಸಬಾರದು.

ಇಷ್ಟೆಲ್ಲ ಹೇಳಿದ ಮೇಲೆ ನನಗೆ ಮುಖ್ಯವೆನಿಸಿದ್ದನ್ನು ಹೇಳುತ್ತೇನೆ. ನಿನ್ನ ಪ್ರತಿಯಲ್ಲಿ ಜನರಲ್‌ಗಳಿದ್ದಾರೆ, ಬ್ರಿಗೇಡಿಯರ್‌ಗಳಿದ್ದಾರೆ, ಕರ್ನಲ್‌ಗಳಿದ್ದಾರೆ. ಹವಾಲ್ದಾರರಿಲ್ಲ, ನಾಯಕ್‌ಗಳಿಲ್ಲ, ಸಿಪಾಯಿಗಳಿಲ್ಲ. ಹದಿನೈದೋ ಹದಿನೇಳೋ ವರ್ಷ ದುಡಿದು, ಒಂದು ಕಬ್ಬಿಣದ ಟ್ರಂಕು, ಒಂದು ಡಿಸ್ಚಾರ್ಜ್ ಬುಕ್ಕು, ಸಣ್ಣ ಪಿಂಚಣಿ ಹಿಡಿದುಕೊಂಡು ಗದ್ದೆಗೆ ಮರಳಿದವರೇ ಎಲ್ಲ ಕಾಲಕ್ಕೂ ಹೆಚ್ಚು ಜನ. ಅವರ ಬಗ್ಗೆ ಯಾವ ಗ್ರಂಥಾಲಯದಲ್ಲೂ ಸಿಗುವುದಿಲ್ಲ, ಮನೆಗೇ ಹೋಗಬೇಕು.

ಬಹಳ ವರ್ಷಗಳ ಹಿಂದೆ ನಾಪೋಕ್ಲು ಕಡೆಯ ಒಂದು ಒಕ್ಕದ ಮೂಲಮನೆಗೆ, ಅಂದರೆ ಐನ್‌ಮನೆಗೆ, ಬೇರೆ ಯಾವುದೋ ಕೆಲಸಕ್ಕೆ ಹೋಗಿದ್ದೆ. ನಡುಮನೆಯಾದ ನೆಲ್ಲಕ್ಕಿ ಬಾಡೆಯ ತೂಗುದೀಪದ ಹಿಂದಿನ ಗೋಡೆಯಲ್ಲಿ ಸಮವಸ್ತ್ರದ ಐದಾರು ಚಿತ್ರಗಳಿದ್ದವು. ಕಾಫಿ ಕೊಟ್ಟ ಅಜ್ಜಿ, ನಾನು ಅವುಗಳನ್ನೇ ನೋಡುತ್ತಿರುವುದನ್ನು ಕಂಡು, ಒಳಗಿನಿಂದ ಟ್ರಂಕೊಂದನ್ನು ಎಳೆಸಿದರು. ಅವರ ಗಂಡ ಹವಾಲ್ದಾರರಾಗಿದ್ದವರು, ಎರಡು ಯುದ್ಧ ನೋಡಿ ಬದುಕಿ ಬಂದು, ಮುಪ್ಪಿನಲ್ಲಿ ಮನೆಯಲ್ಲೇ ತೀರಿಕೊಂಡವರು. ಪದಕಗಳು ಒಂದು ಕರವಸ್ತ್ರದಲ್ಲಿ ಗಂಟು ಕಟ್ಟಿ ಮೂಲೆಯಲ್ಲಿದ್ದವು. ಮೇಲಿದ್ದದ್ದು ಮನಿಯಾರ್ಡರಿನ ಕೂಪನ್ನುಗಳ ಕಟ್ಟು. ಹಣದ ಜೊತೆ ನಾಲ್ಕು ಸಾಲು ಬರೆಯಲು ಅದರಲ್ಲಿ ಇರುತ್ತಿದ್ದ ಜಾಗದಲ್ಲಿ ಪ್ರತಿ ತಿಂಗಳೂ ಅವರು ಬರೆದಿದ್ದರು: ಕ್ಷೇಮ, ಮಳೆ ಹಿಡಿಯುವ ಮೊದಲು ಹಂಚು ತಿರುವಿಸು, ಕೆಳಗಿನ ಗದ್ದೆಯ ಏರಿ ನೋಡಿಕೋ, ಮೆಣಸಿನ ಬಳ್ಳಿಗೆ ನೆರಳು ಹೆಚ್ಚಾದರೆ ಕೊಂಬೆ ಕಡಿಸು. ಯುದ್ಧದ ಒಂದು ಮಾತೂ ಇರಲಿಲ್ಲ. ವಿಳಾಸವೆಂದರೆ ಯಾವಾಗಲೂ ‘56 ಎ.ಪಿ.ಒ.’ ಎಂಬಷ್ಟೇ. ಹೊಸದಾಗಿ ಮದುವೆಯಾಗಿ ಬಂದಾಗ ಈ ಐವತ್ತಾರು ಎಂಬ ಊರು ಎಲ್ಲಿದೆ ಎಂದು ಅಂಚೆಯವನನ್ನು ಕೇಳಿದ್ದರಂತೆ. ಅದು ಊರಲ್ಲ, ಮಿಲಿಟರಿಯವರು ಎಲ್ಲಿದ್ದರೂ ಅದೇ ವಿಳಾಸ ಎಂದು ಆತ ಹೇಳಿದ ದಿನ ರಾತ್ರಿ ಊಟ ಮಾಡಲಿಲ್ಲವೆಂದರು. ಹದಿನೇಳು ವರ್ಷ ಆ ಹಂಚು ತಿರುವಿಸಿದವರು, ಏರಿ ಕಟ್ಟಿಸಿದವರು, ಅತ್ತೆ-ಮಾವಂದಿರನ್ನು ಕೊನೆಯ ಯಾತ್ರೆಗೆ ಕಳುಹಿಸಿಕೊಟ್ಟವರು ಅವರೇ. ಆ ಸೇವೆಯನ್ನು ಯಾವ ದಫ್ತರದಲ್ಲೂ ಬರೆದಿಲ್ಲ. ನಾನೂ ಅಂದು ಬರೆದುಕೊಳ್ಳಲಿಲ್ಲ, ಮತ್ತೆ ಹೋಗುವ ಹೊತ್ತಿಗೆ ಅವರಿರಲಿಲ್ಲ. ಆ ನೋವು ನನಗೆ ಇಂದಿಗೂ ಇದೆ, ಆದ್ದರಿಂದಲೇ ನಿನಗೆ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಕೆಲವು ಸಣ್ಣ ಮಾತುಗಳು. ಮನೆಹೆಸರನ್ನು ಮುಂದೆ ಬರೆಯುವ ಕೊಡವ ಕ್ರಮವನ್ನು ಬಿಡಬೇಡ. ಆ ಹೆಸರಿನಿಂದಲೇ ಓದುವವರಿಗೆ ಒಕ್ಕ ಗುರುತಾಗುತ್ತದೆ. ಕೈಮಡ (ಪೂರ್ವಿಕರ ಗುಡಿ), ಕಾರಣ (ಒಕ್ಕದ ಮೂಲಪುರುಷ), ತೋಕ್ (ಕೋವಿ) ಎಂಬಂಥ ಮಾತುಗಳನ್ನು ಕನ್ನಡಕ್ಕೆ ತಿರುಗಿಸದೆ ಹಾಗೇ ಇಡು, ಸಂದರ್ಭದಿಂದ ಅರ್ಥ ತಿಳಿಯುವಂತೆ ವಾಕ್ಯವನ್ನು ಕಟ್ಟು. ಬದುಕಿರುವವರ ಪತ್ರಗಳನ್ನು ಅವರ ಅನುಮತಿಯಿಲ್ಲದೆ ಅಚ್ಚು ಹಾಕಿಸಬೇಡ. ಟ್ರಂಕಿನ ಕಾಗದಗಳನ್ನು ಮನೆಯಿಂದ ಹೊರಗೆ ಒಯ್ಯಬೇಡ, ಅಲ್ಲೇ ಕುಳಿತು ನಕಲು ಮಾಡಿಕೋ.

ಮಡಿಕೇರಿಗೆ ಬಂದಾಗ, ಈಗ ವಸ್ತುಸಂಗ್ರಹಾಲಯವಾಗಿರುವ ತಿಮ್ಮಯ್ಯನವರ ಮನೆ ಸನ್ನಿಸೈಡನ್ನು ಬೆಳಗ್ಗೆಯೇ ನೋಡಿ ಮುಗಿಸು. ಮಧ್ಯಾಹ್ನದ ಬಸ್ಸಿಗೆ ನಾಪೋಕ್ಲು ಕಡೆ ಹೊರಡೋಣ. ಆ ಐನ್‌ಮನೆಯಲ್ಲಿ ಈಗ ಅಜ್ಜಿಯ ಸೊಸೆ ಇದ್ದಾರೆ, ಟ್ರಂಕು ಅಲ್ಲೇ ಇದೆಯೆಂದು ಕೇಳಿದ್ದೇನೆ. ನೀನು ಬರುವ ದಿನ ಮೊದಲೇ ತಿಳಿಸಿದರೆ ಅವರಿಗೆ ಹೇಳಿಡುತ್ತೇನೆ. ಕೈಲ್ ಪೊಳ್ದ್ ಕಳೆದ ಮೇಲೆ ಬಂದರೆ ಅವರಿಗೂ ಬಿಡುವಿರುತ್ತದೆ.

ಆಶೀರ್ವಾದಗಳೊಂದಿಗೆ,
ನಿನ್ನ ಹಿತೈಷಿ